ಕೋದಂಡಪ್ಪನ ಬದುವಿನ ಸೊಪ್ಪು

ಬೇತಮಂಗಲದ ಕಡೆ ಎರಡು ಮಳೆ ಬಿದ್ದು, ಹೊಲದ ಬದುಗಳ ಮೇಲೆ ತಾನಾಗಿ ಬೆಳೆಯುವ ಬೆರಕೆ ಸೊಪ್ಪು ಎದ್ದಿತ್ತು. ಅದನ್ನು ಯಾರ ಹೊಲದಲ್ಲಾದರೂ ಯಾರು ಬೇಕಾದರೂ ಬಿಡಿಸಿಕೊಳ್ಳಬಹುದು, ಕೇಳಬೇಕಾಗಿಲ್ಲ. ಆದರೆ ಕುಡಿ ಮಾತ್ರ ಚಿವುಟಬೇಕು. ಬೇರು ಮುಂದೆ ಬರುವವರದು. ಶ್ಯಾಮಲಾ ಮದುವೆಯಾಗಿ ಬಂದ ವರ್ಷ ಅತ್ತೆ ಅಕ್ಕಯ್ಯಮ್ಮ ಅವಳ ಬೆರಳು ಹಿಡಿದು ಇದನ್ನು ಕಲಿಸಿದ್ದರು. ಅಲ್ಲಿಂದ ಪ್ರತಿ ಮಳೆಗಾಲವೂ ಸೊಪ್ಪಿಗೆ ಹೋಗುತ್ತಿದ್ದುದು ಅವರಿಬ್ಬರೇ.

ಈಗ ಕಿರಿಯ ಸೊಸೆ ಕಲಾ ಬಂದಿದ್ದಳು. ನಂದಿದುರ್ಗ ಚಿನ್ನದ ಗಣಿಯ ಕೂಲಿಕಾರರ ಲೈನ್ ಮನೆಗಳಲ್ಲಿ ಬೆಳೆದ ಹುಡುಗಿ. ಸೊಪ್ಪನ್ನು ಸಂತೆಯ ಕಟ್ಟಿನಲ್ಲಿ ಮಾತ್ರ ಕಂಡವಳು. "ನಾಳೆ ನಿನ್ನ ಸೊಪ್ಪಿಗೆ ಕರ್ಕೊಂಡೋಗ್ತೀನಿ ಕಣೇ" ಎಂದು ಅತ್ತೆ ಅವಳಿಗೆ ಹೇಳಿದ್ದು ಶ್ಯಾಮಲಾಳಿಗೆ ಕೇಳಿಸಿತು. ತನ್ನನ್ನೂ ಕರೆಯುತ್ತಾರೇನೋ ಎಂದು ಕಾದಳು. ಕರೆಯಲಿಲ್ಲ.

ಬೆಳಿಗ್ಗೆ ಅತ್ತೆ ಡೈರಿಗೆ ಹಾಲು ಹಾಕಲು ಹೋದ ಹೊತ್ತಿಗೆ ಶ್ಯಾಮಲಾ ಊರಿನ ಕೋದಂಡಪ್ಪನ ಹೊಲದ ಬದುವಿನಲ್ಲಿದ್ದಳು. ಮೊದಲು ಕುಡಿಯನ್ನೇ ಚಿವುಟಿದಳು. ಹೀಗಾದರೆ ಕಲಾಳಿಗೂ ಒಂದಷ್ಟು ಉಳಿಯುತ್ತದಲ್ಲ ಅನ್ನಿಸಿ, ಅಣ್ಣೆ ಸೊಪ್ಪು, ಕನ್ನೆ ಸೊಪ್ಪು ಎನ್ನದೆ ಗಿಡವನ್ನೇ ಎಳೆಯತೊಡಗಿದಳು. ಹಸಿ ಮಣ್ಣು, ಸಲೀಸಾಗಿ ಬಂತು. ಬದು ಬೋಳಾದದ್ದು ನೋಡಿ ಹೆದರಿಕೆಯಾಯಿತು. ಆದರೂ ನಿಲ್ಲಿಸಲಿಲ್ಲ.

ಮನೆಗೆ ಬಂದು ಸೊಪ್ಪಿನ ಪುಟ್ಟಿಯನ್ನು ಜಗಲಿಯ ಮೇಲಿಟ್ಟು, ಕಾಲು ತೊಳೆಯಲು ಹಿತ್ತಿಲಿಗೆ ಹೋದಳು. ಕಲಾ ತಾನಾಗಿಯೇ ಸೊಪ್ಪು ಸೋಸಲು ಕೂತಳು. ಅಷ್ಟರಲ್ಲಿ ಅತ್ತೆ ಬಂದರು.

"ಅಯ್ಯಯ್ಯೋ, ಬೇರ್ ಸಮೇತ ಕಿತ್ಕೊಂಬಂದವ್ಳೆ ನಮ್ಮ ಲೈನ್ ರಾಣಿ! ಗಣಿ ಮುಚ್ಚೋದ್ರೂ ನಿಮ್ಮೋರು ಅಗೆಯೋದು ಬಿಡಲ್ವೇನೇ?"

"ನಾನಲ್ಲ ಅತ್ತೆ..."

"ಓಗ್ಲಿ ಬಿಡು ಮಗ. ಬೆರಳು ಕೊಡಿಲ್ಲಿ. ನೋಡು, ಇಂಗ್ ಚಿವುಟ್ಬೇಕು."

ಹಿತ್ತಿಲ ಬಾಗಿಲಲ್ಲಿದ್ದ ಶ್ಯಾಮಲಾ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅತ್ತೆಯ ಹೆಬ್ಬೆರಳು ಕಲಾಳ ಬೆರಳ ಮೇಲಿತ್ತು. ತಾನು ಮಾಡಿದ ತಪ್ಪಿಗೂ ಅವಳಿಗೇ ಮುದ್ದು!

"ಅವ್ಳಲ್ಲ, ನಾನ್ ಕಿತ್ತಿದ್ದು" ಎಂದುಬಿಟ್ಟಳು.

ಅತ್ತೆ ಕಲಾಳ ಕೈ ಬಿಟ್ಟರು. ಬೈಗುಳವಾದರೂ ಸರಿ, ಅದು ತನ್ನೊಬ್ಬಳಿಗೇ ಬರಲಿ ಎಂದು ಶ್ಯಾಮಲಾ ನಿಂತಳು. ಅತ್ತೆ ಬೈಯಲಿಲ್ಲ.

"ತಿಳೀದೋಳ್ಗೆ ಕಲಿಸ್ಬೋದು. ನಿನ್ಗೆ ಇನ್ನೇನ್ ಕಲಿಸ್ಲೇ? ಕೋದಂಡಪ್ಪನ ಎಂಡ್ತಿ ನಾಳೆ ಸೊಪ್ಪಿಗೆ ಓದ್ರೆ ಏನ್ ಸಿಗ್ತೈತೆ?" ಎಂದವರೇ ಎದ್ದರು. "ನಡಿಯೇ ಕಲಾ, ಕೆರೆ ಕಡೆ ಬದು ನೋಡ್ಕೊಂಬರಾಣ."

ಶ್ಯಾಮಲಾ ಈಳಿಗೆ ಮಣೆ ಎಳೆದುಕೊಂಡು ಬೇರು ಕತ್ತರಿಸತೊಡಗಿದಳು. ಬೀದಿಯ ತಿರುವಿನಲ್ಲಿ ಕಲಾ ನಕ್ಕದ್ದು ಕೇಳಿಸಿತು. ಅತ್ತೆ ಏನು ಹೇಳಿ ನಗಿಸಿರಬಹುದು? ಮಣೆ ಬಿಟ್ಟು ಬೀದಿಗೆ ಓಡಿಬಂದಳು. ಇಬ್ಬರೂ ಆಗಲೇ ತಿರುವು ದಾಟಿದ್ದರು.