ಹೊಗೆಕೊಳವೆಗೆ ಹೊಲಿದ ಗವಸು

“ಆ ಕಿಟಕಿಗೆ ಇನ್ನೊಂದು ಸಲ ಕೈ ಹಾಕು, ಆಮೇಲೆ ನೋಡು. ಬೀದಿಯವರಿಗೆಲ್ಲ ಬಿಸಿ ಕಾಯಿಸೋ ಗುತ್ತಿಗೆ ಹಿಡಿದಿದೀನಾ ನಾನು?”

“ತಲೆ ಸಿಡೀತಿದೆ ಮಾವ. ಒಂದು ಗಳಿಗೆ ತೆಗೆದು ಮುಚ್ಚಿಬಿಡ್ತೀನಿ.”

“ಮೂರು ಹೊತ್ತೂ ಮೊಬೈಲ್ ನೋಡಿದ್ರೆ ತಲೆ ಸಿಡೀದೆ ಇನ್ನೇನು ಆಗತ್ತೆ? ಅದಕ್ಕೆ ಹೀಟರ್ ಮೇಲ್ಯಾಕೆ ಗೂಬೆ ಕೂರಿಸ್ತೀಯ?”

ದರ್ಜಿ ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿ ಎದ್ದು ಬಂದ. ಸೊಸೆಯ ತಲೆಯ ಮೇಲಿಂದಲೇ ಕೈ ಚಾಚಿ ಕಿಟಕಿಯನ್ನು ರಪ್ಪೆಂದು ಎಳೆದು ಚಿಲಕ ಜಡಿದ. ಗಾಜಿನ ಒಳಮೈಯೆಲ್ಲ ಬೆವರಿತ್ತು. ಅದರ ನೀರು ಹನಿ ಹನಿಯಾಗಿ ಇಳಿದು, ಕೆಳಗೆ ಹಾಸಿದ್ದ ಕೋಟಿನ ಬಟ್ಟೆಯ ಮೇಲೆ ಬಿತ್ತು. ಅದಕ್ಕೂ ಸೊಸೆಗೇ ಬೈಗುಳ.

ಆ ಸಲ ಚಳಿ ಹೇಳದೆ ಕೇಳದೆ ಬಂದಿತ್ತು. ನಿನ್ನೆ ಮೊನ್ನೆಯವರೆಗೆ ಬೆವರು ಒರೆಸಿಕೊಂಡಿದ್ದ ಜನ ಇದ್ದಕ್ಕಿದ್ದಂತೆ ಕೋಟು ಬೇಕೆಂದು ಬಾಗಿಲಲ್ಲಿ ಸಾಲುಗಟ್ಟಿದರು. ದರ್ಜಿಯ ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಎರಡು ಹೊಲಿಗೆ ಯಂತ್ರ, ಗೋಡೆಗೆ ನೇತುಹಾಕಿದ ಅರೆಹೊಲಿದ ಕೋಟುಗಳು. ಒಂದು ಮೂಲೆಯಲ್ಲಿ ಅವನ ಹೆಂಡತಿ ಕೂತು ಕಾಜಾ ಹಾಕುತ್ತಿದ್ದಳು, ಗುಂಡಿ ಹಚ್ಚುತ್ತಿದ್ದಳು. ಗೋಡೆಗೆ ಕೂರಿಸಿದ ಗ್ಯಾಸ್ ಹೀಟರ್ ಪಕ್ಕದಲ್ಲೇ ಮೊಮ್ಮಗುವಿನ ತೊಟ್ಟಿಲು. ಮಗ ದೂರದ ಊರಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದ, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದ.

ಹೀಟರ್ ಹಚ್ಚಿದ ದಿನದಿಂದ ಆ ಮನೆಯಲ್ಲಿ ಯಾರಿಗೂ ಯಾರನ್ನೂ ಕಂಡರೆ ಆಗುತ್ತಿರಲಿಲ್ಲ. ಹೆಂಡತಿಗೆ ಎದ್ದರೆ ವಾಕರಿಕೆ, ಕೂತರೆ ತಲೆ ಸುತ್ತು. ತಿಂದದ್ದು ಒಗ್ಗಿಲ್ಲ ಅಂದುಕೊಂಡು ಅವಳು ಊಟ ಬಿಟ್ಟಳು. ದರ್ಜಿ ಎಡತೋಳನ್ನು ಬಲಗಡೆಗೆ ಹೊಲಿದ, ಬಿಚ್ಚಿ ಮತ್ತೆ ಅಲ್ಲಿಗೇ ಹೊಲಿದ. ಅಷ್ಟು ವರ್ಷದ ಕಸುಬಿನಲ್ಲಿ ಹಾಗೆ ಆದದ್ದೇ ಇಲ್ಲ. ಬಲ್ಬಿಗೆ ಬೈದ, ದಾರಕ್ಕೆ ಬೈದ, ಗಿರಾಕಿಗೆ ಬೈದ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ.

ಸೊಸೆ ಒಂದು ವಿಷಯ ಗಮನಿಸಿದ್ದಳು. ಸಾಮಾನು ತರಲು ಬೀದಿಗೆ ಇಳಿದರೆ ತಿರುವು ದಾಟುವಷ್ಟರಲ್ಲಿ ತಲೆನೋವು ಇಳಿಯುತ್ತಿತ್ತು. ಮನೆಗೆ ಬಂದು ಕೂತರೆ ಮತ್ತೆ ಹತ್ತುತ್ತಿತ್ತು. ಅದನ್ನು ಮಾವನಿಗೆ ಹೇಳಿದಾಗ ಅವನು, ತಿರುಗಾಡೋ ಚಟ ಇರೋರಿಗೆ ಮನೆ ಅಂದ್ರೆ ತಲೆನೋವೇ, ಅಂದುಬಿಟ್ಟ. ಹೀಟರಿನ ಉರಿ ಹೋದ ವರ್ಷ ನೀಲಿಯಾಗಿತ್ತು, ಈಗ ಹಳದಿಯಾಗಿದೆ ಎಂದೂ ತೋರಿಸಿದಳು. ಬಣ್ಣ ಆರಿಸೋಕೆ ಅದೇನು ಕೋಟಿನ ಬಟ್ಟೆನಾ, ಬಿಸಿ ಬರ್ತಿದೆ ತಾನೆ, ಅಂದ.

ಇದನ್ನೆಲ್ಲ ಬಲ್ಲ ಒಬ್ಬ ಮನುಷ್ಯ ಅದೇ ಬೀದಿಯಲ್ಲಿದ್ದ. ದರ್ಜಿಯ ಬಾಲ್ಯದ ಗೆಳೆಯ. ಹೀಟರು, ಕೂಲರು, ಏಸಿ ರಿಪೇರಿ ಅವನ ಕೆಲಸ. ಎಲ್ಲರೂ ಅವನನ್ನು ಸ್ಪ್ಯಾನರ್ ಅನ್ನುತ್ತಿದ್ದರು. ಚಳಿಗೆ ಮುಂಚೆ ಒಮ್ಮೆ, ಸೆಕೆಗೆ ಮುಂಚೆ ಒಮ್ಮೆ ಅವನು ಮನೆ ಮನೆ ಬಾಗಿಲು ತಟ್ಟುತ್ತಿದ್ದ. ಈ ಸಲವೂ ಬಂದು, ಬೇಸಿಗೆಯಿಡೀ ಸುಮ್ಮನೆ ಕೂತ ಯಂತ್ರ ಕಣೋ, ಹಚ್ಚೋಕೆ ಮುಂಚೆ ಒಂದ್ಸಲ ಬಿಚ್ಚಿ ನೋಡ್ತೀನಿ ಅಂದಿದ್ದ.

“ನಿನ್ನ ಕೈಗೆ ಕೆಲಸ ಇಲ್ದಿದ್ರೆ ಬಾ, ಗುಂಡಿ ಹಚ್ಚು,” ಎಂದಿದ್ದ ದರ್ಜಿ. “ನನ್ನ ಮನೆ ಸಾಮಾನು ಹೇಗಿಟ್ಟಿದೀನಿ ನೋಡು. ಒಂದು ಚೂರು ಧೂಳಿದ್ರೆ ತೋರ್ಸು.”

ಅದು ನಿಜವೇ. ದರ್ಜಿಗೆ ಎಲ್ಲದಕ್ಕೂ ಗವಸು ಹೊಲಿಯುವ ಹುಚ್ಚು. ಹೊಲಿಗೆ ಯಂತ್ರಕ್ಕೆ, ಟೀವಿಗೆ, ನೀರಿನ ಡ್ರಮ್ಮಿಗೆ, ಸೈಕಲ್ಲಿನ ಸೀಟಿಗೆ. ಸೆಕೆ ಮುಗಿದ ಕೂಡಲೇ ಕೂಲರಿಗೂ ಅಂಚುಪಟ್ಟಿ ಇಟ್ಟು ಹೊಲಿದ ಗವಸು ಏರುತ್ತಿತ್ತು. ಚಳಿ ಗಾಳಿ ಬರಬಾರದೆಂದು ಗೋಡೆಯ ಮೇಲಿನ ಗಾಳಿಕಿಂಡಿಗೆ ಚಿಂದಿ ತುಂಬಿದ ಪುಟ್ಟ ದಿಂಬು ಹೊಲಿದು, ಬೆರಳು ತೂರದಂತೆ ತುರುಕಿದ್ದ. ಅದರ ಅಳತೆ ಎಷ್ಟು ಸರಿಯಾಗಿ ಕೂತಿದೆ ಎಂದು ಗಿರಾಕಿಗಳಿಗೂ ತೋರಿಸುತ್ತಿದ್ದ.

“ಹೆಂಡತಿಗೊಂದು ಗವಸು ಹೊಲಿದಿಲ್ಲವಲ್ಲ, ಅಷ್ಟೇ ಪುಣ್ಯ,” ಎಂದು ನಕ್ಕು ಸ್ಪ್ಯಾನರ್ ಹೊರಟುಹೋಗಿದ್ದ. ಬಿಚ್ಚಿ ನೋಡಲೇಬೇಕು ಎಂದು ಇನ್ನೊಂದು ಮಾತು ಜೋರಾಗಿ ಹೇಳಬಹುದಿತ್ತು. ದರ್ಜಿಯ ಬಾಯಿಗೆ ಹೆದರಿ ಹೇಳಲಿಲ್ಲ. ಹೀಗೆ ಬಾಯಿಗೆ ಹೆದರಿ ಎಷ್ಟು ಜನ ಎಷ್ಟು ಒಳ್ಳೆಯ ಮಾತು ನುಂಗಿಕೊಳ್ಳುತ್ತಾರೋ.

ಈಗ ಆ ಜಗಳಕ್ಕೆ ಬರೋಣ.

ಕಿಟಕಿಯ ಚಿಲಕ ಬಿದ್ದ ಮೇಲೆ ಸೊಸೆ ತೊಟ್ಟಿಲ ಹತ್ತಿರ ಹೋದಳು. ಹಾಲು ಕುಡಿಸುವ ಹೊತ್ತು ಮೀರಿತ್ತು, ಮಗು ಎದ್ದಿರಲಿಲ್ಲ. ಎತ್ತಿಕೊಂಡಳು. ಕತ್ತು ವಾಲಿತು. ಅಂಗಾಲು ತಟ್ಟಿದಳು, ಕೆನ್ನೆ ಸವರಿದಳು, ಹೆಸರು ಹಿಡಿದು ಕರೆದಳು. ಬಾಗಿಲು ತೆರೆದು ಹೊಸ್ತಿಲಲ್ಲಿ ನಿಂತಾಗ ತಣ್ಣನೆ ಗಾಳಿ ತಾಗಿ ಮಗು ಮೆಲ್ಲಗೆ ಮುಲುಗಿತು.

“ಮಗು ಹೀಗೆ ಯಾವತ್ತೂ ಮಲಗಲ್ಲ ಮಾವ. ನನಗೆ ಭಯ ಆಗ್ತಿದೆ. ಆ ಹೀಟರ್ ಆರಿಸಿ.”

“ಅತ್ರೆ ಅತ್ತಿತು ಅಂತೀಯ, ಮಲಗಿದ್ರೆ ಮಲಗಿತು ಅಂತೀಯ. ಹೊರಗೆ ತಿರುಗಬೇಕು ಅನ್ನಿಸಿದ್ರೆ ಹೋಗು. ಮಗೂನ ಮುಂದಿಟ್ಕೊಂಡು ಸುಳ್ಳು ಹೇಳ್ಬೇಡ.”

ಸೊಸೆ ಮಾವನ ಮುಖವನ್ನೇ ನೋಡಿದಳು. ಅಷ್ಟು ಹೊತ್ತು ಅವಳ ದನಿಯಲ್ಲಿದ್ದ ಅಂಗಲಾಚಿಕೆ ಆ ಒಂದು ಮಾತಿಗೆ ಒಣಗಿಹೋಯಿತು. ಮಗುವನ್ನು ಶಾಲಿನಲ್ಲಿ ಸುತ್ತಿದಳು.

“ಅದನ್ನ ಯಾರಾದ್ರೂ ಬಿಚ್ಚಿ ನೋಡೋವರೆಗೆ ಈ ಕೋಣೇಲಿ ನನ್ನ ಮಗು ಮಲಗಲ್ಲ. ಅತ್ತೆ, ನೀವೂ ಏಳಿ, ನಮ್ಮಕ್ಕನ ಮನೆಗೆ ಹೋಗೋಣ.”

ಅತ್ತೆ ಗಂಡನ ಮುಖ ನೋಡಿದಳು, ತೊಡೆಯ ಮೇಲಿದ್ದ ಕೋಟು ನೋಡಿದಳು. ಕಾಜಾ ಮುಗಿಸಿ ಬರ್ತೀನಿ, ನೀ ಹೋಗಿರು ತಾಯಿ ಅಂದಳು. ಸೊಸೆ ಹೋದಳು. ದರ್ಜಿ ಎದ್ದು ಬಾಗಿಲ ಕೆಳಗಿನ ಸಂದಿಗೂ ಒಂದು ಬಟ್ಟೆ ತುರುಕಿ ಬಂದು ಕೂತ.

ಆಮೇಲೆ ಯಂತ್ರ ತುಳಿದ, ನಿಲ್ಲಿಸಿದ, ಮತ್ತೆ ತುಳಿದ. ಅವಳು ಬೀದಿಯಲ್ಲಿ ಯಾರ ಯಾರ ಮುಂದೆ ಏನೇನು ಹೇಳುತ್ತಾಳೋ ಎಂದು ಕುದಿಯುತ್ತಿದ್ದ. ಸೂಜಿಗೆ ದಾರ ಪೋಣಿಸಲು ಹೋದರೆ ಸೂಜಿ ಎರಡಾಗಿ ಕಾಣುತ್ತಿತ್ತು. ಹೆಂಡತಿ ನೀರು ಕುಡಿಯುತ್ತೇನೆಂದು ಎದ್ದಳು. ಎರಡು ಹೆಜ್ಜೆ ಇಟ್ಟಳೋ ಇಲ್ಲವೋ, ಕೋಟಿನ ಸಮೇತ ನೆಲಕ್ಕೆ ಕುಸಿದಳು. ದರ್ಜಿ ಏಳಲು ನೋಡಿದ. ಕಾಲು ಅವನ ಮಾತು ಕೇಳಲಿಲ್ಲ. ಏನೇ, ಏನಾಯ್ತೇ ಅನ್ನಬೇಕೆಂದುಕೊಂಡ. ನಾಲಿಗೆಯೂ ಕೇಳಲಿಲ್ಲ.

ಬಾಗಿಲು ಒದ್ದುಕೊಂಡು ಬಂದವನು ಸ್ಪ್ಯಾನರ್. ಸೊಸೆ ಅಕ್ಕನ ಮನೆಗೆ ಹೋಗುವ ದಾರಿಯಲ್ಲಿ ಅವನ ಅಂಗಡಿಗೆ ಹೋಗಿ, ತಲೆನೋವು, ಹಳದಿ ಉರಿ, ಬೆವರಿದ ಗಾಜು, ಏಳದ ಮಗು, ಎಲ್ಲವನ್ನೂ ಹೇಳಿದ್ದಳು. ಅವನು ಕೈಯಲ್ಲಿದ್ದ ಕೆಲಸ ಬಿಸಾಡಿ ಓಡಿಬಂದಿದ್ದ. ಯಾರನ್ನೂ ಏನೂ ಕೇಳಲಿಲ್ಲ. ಮೊದಲು ದರ್ಜಿಯ ಹೆಂಡತಿಯನ್ನು, ಆಮೇಲೆ ದರ್ಜಿಯನ್ನು ರಟ್ಟೆ ಹಿಡಿದು ಬೀದಿಗೆ ಎಳೆದುಹಾಕಿದ. ಉಸಿರು ಬಿಗಿಹಿಡಿದು ಮತ್ತೆ ಒಳಗೆ ಹೋಗಿ ಗ್ಯಾಸ್ ತಿರುಗಿಸಿ ಆರಿಸಿದ, ಕಿಟಕಿ ತೆರೆದ. ನೆರೆಯವರು ಗಾಡಿ ತಂದರು.

ಆಸ್ಪತ್ರೆಯಲ್ಲಿ ಗಂಡ ಹೆಂಡತಿ ಇಬ್ಬರ ಮುಖಕ್ಕೂ ಆಮ್ಲಜನಕದ ಮುಖವಾಡ ಹಾಕಿದರು. ಮಗುವನ್ನೂ ತರಿಸಿ ನೋಡಿದರು. ಮಗುವಿಗೆ ಏನೂ ಆಗಿರಲಿಲ್ಲ, ಹೊರಗೆ ಒಯ್ದದ್ದೇ ಮದ್ದಾಗಿತ್ತು. ಡಾಕ್ಟರಮ್ಮ ಬಿಡಿಸಿ ಹೇಳಿದರು. ಗ್ಯಾಸಾಗಲಿ, ಇದ್ದಿಲಾಗಲಿ, ಕಟ್ಟಿಗೆಯಾಗಲಿ, ಉರಿಗೆ ಸರಿಯಾಗಿ ಗಾಳಿ ಸಿಗದೆ ಹೋದರೆ ಒಂದು ವಿಷಗಾಳಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು ತಂದು, ನಿದ್ದೆಯಲ್ಲೇ ಉಸಿರು ನಿಲ್ಲಿಸಬಲ್ಲದು. ಎಳೆ ಮಕ್ಕಳಿಗೂ ಬಸುರಿಯರಿಗೂ ಅಪಾಯ ಇನ್ನೂ ಹೆಚ್ಚು.

“ಹೊರಗೆ ಹೋದ್ರೆ ಕಮ್ಮಿ ಆಗುತ್ತೆ, ಒಳಗೆ ಬಂದ್ರೆ ಜಾಸ್ತಿ ಆಗುತ್ತೆ ಅಂತ ಮನೇಲಿ ಯಾರಿಗೂ ಗೊತ್ತಾಗ್ಲಿಲ್ವಾ?” ಎಂದು ಅವರು ಕೇಳಿದರು.

ದರ್ಜಿ ಮುಖವಾಡವನ್ನು ಸ್ವಲ್ಪ ಎತ್ತಿ, “ಸೊಸೆ ಹೇಳಿದ್ಲು,” ಎಂದ.

ಗಂಡ ಹೆಂಡತಿ ಆಸ್ಪತ್ರೆಯಿಂದ ಮನೆಗೆ ಬಂದ ದಿನ ಸ್ಪ್ಯಾನರ್ ಹಿಂದಿನ ಓಣಿಯಲ್ಲಿ ಏಣಿ ಹಾಕಿದ. ಹೀಟರಿನ ಹೊಗೆ ಹೊರಗೆ ಹೋಗುವ ಕೊಳವೆ ಆ ಕಡೆ ಗೋಡೆಯ ಎತ್ತರದಲ್ಲಿತ್ತು, ಯಾರ ಕಣ್ಣಿಗೂ ಬೀಳುವ ಜಾಗವಲ್ಲ. ಇಳಿದು ಬಂದಾಗ ಅವನ ಕೈಯಲ್ಲಿ ಏನೋ ಕರ್ರಗಿನದು ಇತ್ತು. ಅದನ್ನು ತಂದು ಕತ್ತರಿಸುವ ಮೇಜಿನ ಮೇಲೆ ಇಟ್ಟ.

ದಪ್ಪ ಕ್ಯಾನ್ವಾಸಿನ ಗವಸು. ಬಾಯಿಗೆ ಲಾಡಿ, ಅಂಚಿಗೆ ಜೋಡಿ ಹೊಲಿಗೆ. ದರ್ಜಿಗೆ ತನ್ನ ಹೊಲಿಗೆ ಗುರುತಿಸಲು ಕನ್ನಡಕ ಬೇಕಿರಲಿಲ್ಲ. ಬೇಸಿಗೆಯಲ್ಲಿ ಪಾರಿವಾಳ ಕೊಳವೆಯೊಳಗೆ ಕಡ್ಡಿ ತುಂಬುತ್ತಿದೆ ಎಂದು ತಾನೇ ಏಣಿ ಹತ್ತಿ ಅಳತೆ ತೆಗೆದು, ಹೊಲಿದು, ಬಿಗಿದು ಕಟ್ಟಿದ್ದ. ಇಳಿದು ಬಂದು ದೂರ ನಿಂತು ಅದರ ಅಂದ ನೋಡಿ ಬೆನ್ನು ತಟ್ಟಿಕೊಂಡಿದ್ದ. ಚಳಿ ಬಂದಾಗ ಕೋಟುಗಳ ಗಡಿಬಿಡಿಯಲ್ಲಿ ಬಿಚ್ಚುವುದನ್ನು ಮರೆತಿದ್ದ. ಈಗ ಗವಸನ್ನು ಒಳಹೊರಗು ಮಾಡಿದ. ಒಳಗೆಲ್ಲ ಮಸಿ, ಲಾಡಿಯ ಸುತ್ತ ಸೀದು ಕಂದುಬಣ್ಣಕ್ಕೆ ತಿರುಗಿತ್ತು.

“ಹೊಲಿಗೆ ಮಾತ್ರ ಗಟ್ಟಿ ಕಣೋ. ಒಂದೆಳೆ ಬಿಟ್ಟಿಲ್ಲ,” ಎಂದ ಸ್ಪ್ಯಾನರ್. ಅವನು ನಗುತ್ತಿರಲಿಲ್ಲ.

ಆಮೇಲೆ ಇಡೀ ಹೀಟರ್ ಬಿಚ್ಚಿ ಮಸಿ ತೆಗೆದ, ಕೊಳವೆಯೊಳಗಿನ ಕಡ್ಡಿ ಕಸ ಎಳೆದುಹಾಕಿದ, ಗ್ಯಾಸ್ ಕೊಳವೆಯ ಜೋಡಣೆಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದ. ಹಕ್ಕಿ ನುಗ್ಗದ, ಗಾಳಿಯನ್ನೂ ತಡೆಯದ ಜಾಲರಿ ಮುಚ್ಚಳವನ್ನು ಕೊಳವೆಯ ಬಾಯಿಗೆ ಕೂರಿಸಿದ. ಗಾಳಿಕಿಂಡಿಯ ದಿಂಬನ್ನು ಕಿತ್ತು ಕಸಕ್ಕೆ ಎಸೆದ. ಬಂದದ್ದು ಬಂದಾಯಿತೆಂದು ಕೂಲರಿನ ಗವಸನ್ನೂ ಎತ್ತಿದ. ಮೂಗು ಮುಚ್ಚಿಕೊಳ್ಳುವಂತಾಯಿತು. ತೊಟ್ಟಿಯಲ್ಲಿ ಬೇಸಿಗೆಯ ನೀರು ಹಾಗೇ ನಿಂತು ಪಾಚಿಗಟ್ಟಿ ಸೊಳ್ಳೆಮರಿ ಕುಣಿಯುತ್ತಿದ್ದವು. ಗವಸು ಹಾಕೋಕೆ ಮುಂಚೆ ನೀರು ಚೆಲ್ಲಿ, ತಿಕ್ಕಿ, ಒಣಗಿಸಬೇಕು ಕಣೋ, ಮೇಲೆ ಸಿಂಗಾರ ಮಾಡಿದ್ರೆ ಒಳಗಿನದು ಕೊಳೀದೆ ಇರುತ್ತಾ, ಎಂದು ಗೊಣಗುತ್ತ ತಾನೇ ತೊಳೆದ. ದರ್ಜಿ ಪಕ್ಕದಲ್ಲಿ ನಿಂತು ನೀರು ಹೊಯ್ದ.

ಸಂಜೆ ಸೊಸೆ ಮಗುವನ್ನು ಎತ್ತಿಕೊಂಡು ಬಂದಳು. ದರ್ಜಿ ಅವಳಿಗೆ ಎಲ್ಲ ತೋರಿಸಿದ. ಉರಿ ನೀಲಿಯಾಗಿತ್ತು. ಗಾಜು ಒಣಗಿತ್ತು. ಗೋಡೆಯ ಮೇಲೆ ಆ ವಿಷಗಾಳಿ ಬಂದರೆ ಕೂಗಿಕೊಳ್ಳುವ ಒಂದು ಸಣ್ಣ ಪೆಟ್ಟಿಗೆಯನ್ನೂ ಹಾಕಿಸಿದ್ದ. ಅವಳು ಗಾಳಿಕಿಂಡಿಯ ಮುಂದೆ ಕೈ ಹಿಡಿದು ಗಾಳಿ ಬರುವುದನ್ನು ನೋಡಿಕೊಂಡಳು.

“ಸರಿಯಾಗಿದೆ ಮಾವ. ಇನ್ನು ಅತ್ತೆ ಇಲ್ಲಿ ಹೆದರದೆ ಕೂರಬಹುದು.”

“ತೊಟ್ಟಿಲು ಅಲ್ಲೇ ಇದೆ ಕಣಮ್ಮ. ಮಗು ಮಲಗಿಸು.”

ಸೊಸೆ ತೊಟ್ಟಿಲ ಹತ್ತಿರ ಹೋದಳು. ಮಗುವಿನ ಹೊದಿಕೆಯನ್ನು ಮಡಚಿ ಹೆಗಲಿಗೆ ಹಾಕಿಕೊಂಡಳು.

“ಕೊಳವೆಗೆ ಕಟ್ಟಿದ್ದನ್ನ ನಿಮ್ಮ ಗೆಳೆಯರು ಬಿಚ್ಚಿದ್ರು. ನಾನು ಬಾಯಿ ಬಿಟ್ಟು ಹೇಳಿದಾಗ ನೀವು ಸುಳ್ಳು ಅಂದ್ರಿ ಮಾವ. ನಾಳೆ ಮಗೂಗೆ ಇನ್ನೇನೋ ಆಗುತ್ತೆ. ಆಗ್ಲೂ ನಾನು ಮೊದಲು ನಿಮಗೆ ಸಾಕ್ಷಿ ತೋರಿಸ್ತಾ ನಿಲ್ಲಬೇಕಾ?”

ಅವಳು ಅತ್ತೆಯ ಕೈ ಹಿಡಿದು ಒಂದು ಗಳಿಗೆ ನಿಂತಳು, ಆಮೇಲೆ ಹೊಸ್ತಿಲು ದಾಟಿದಳು. ಆ ವಾರ ಊರಿಗೆ ಬಂದ ಮಗ ಅಪ್ಪನ ಮಾತನ್ನೂ ಕೇಳಿದ, ಹೆಂಡತಿಯ ಮಾತನ್ನೂ ಕೇಳಿದ, ಅವಳ ಅಕ್ಕನ ಮನೆಯ ಪಕ್ಕದಲ್ಲೇ ಬಾಡಿಗೆ ಮನೆ ಹಿಡಿದ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಗೂ ಚಳಿ ಬರುತ್ತದೆ, ಸೆಕೆಯೂ ಬರುತ್ತದೆ. ಹೀಟರ್ ಹಚ್ಚುವ ಮುಂಚೆ ಹೊರಗೆ ಹೋಗಿ ಅದರ ಕೊಳವೆಯ ಬಾಯಿ ನೋಡಿ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದಕ್ಕೂ ಗಾಳಿಕಿಂಡಿ ಬೇಕು, ಅದನ್ನು ಮುಚ್ಚಬೇಡಿ. ಇದ್ದಿಲ ಕೆಂಡವನ್ನು ಮುಚ್ಚಿದ ಕೋಣೆಯೊಳಗೆ ಇಟ್ಟು ಮಲಗಲೇಬೇಡಿ. ವರ್ಷಕ್ಕೊಮ್ಮೆ ಕೆಲಸ ಬಲ್ಲವರನ್ನು ಕರೆಸಿ ಬಿಚ್ಚಿಸಿ. ಸೆಕೆಗೆ ಮುಂಚೆ ಏಸಿಯ ಜಾಲರಿ ತೊಳೆಯಿರಿ, ಕೂಲರಿನ ನೀರು ವಾರವಾರ ಬದಲಿಸಿ, ಎತ್ತಿಡುವಾಗ ಒಣಗಿಸಿ ಎತ್ತಿಡಿ. ಉರಿ ಹಳದಿಯಾದರೆ ಆರಿಸಿ. ತಲೆ ಸುತ್ತಿದರೆ ಮಕ್ಕಳನ್ನು ಎತ್ತಿಕೊಂಡು ಮೊದಲು ಹೊರಗೆ ಓಡಿ, ಕಾರಣ ಆಮೇಲೆ ಹುಡುಕಿ, ಆಸ್ಪತ್ರೆಗೆ ಹೋಗಿ. ಮತ್ತೆ, ಮನೆಯಲ್ಲಿ ಯಾರಾದರೂ ಕಿಟಕಿಗೆ ಕೈ ಹಾಕಿದರೆ, ಯಾಕಮ್ಮ ಎಂದು ಕೇಳಿ. ಕೇಳುವುದಕ್ಕೆ ಏನೂ ಖರ್ಚಾಗುವುದಿಲ್ಲ.

ದರ್ಜಿ ಈಗ ಚಳಿ ಹುಟ್ಟುವ ಮುಂಚೆಯೇ ಏಣಿ ಹತ್ತುತ್ತಾನೆ. ಸ್ಪ್ಯಾನರ್ ಕರೆಯದೆಯೇ ಬರುತ್ತಾನೆ. ಹೀಟರ್ ಉರಿಯುವಾಗ ಆ ಕಿಟಕಿ ಒಂದು ಬೆರಳಿನಷ್ಟು ತೆರೆದೇ ಇರುತ್ತದೆ. ದರ್ಜಿ ಯಂತ್ರ ತುಳಿಯುತ್ತ ತುಳಿಯುತ್ತ ನಿಲ್ಲಿಸಿ, ಆ ಸಂದಿಯಿಂದ ಬೀದಿ ನೋಡುತ್ತಾನೆ. ಸೊಸೆ ಬಂದಿಲ್ಲ.