ಮೂವತ್ತೇಳನೇ ಮನೆ

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಮೊದಲೆಲ್ಲ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಆಳಂದದ ಬಸ್ ಸ್ಟ್ಯಾಂಡ್ ಎದುರು ನನ್ನದೊಂದು ಆನ್‌ಲೈನ್ ಅಂಗಡಿ ಇದೆ. ಪಹಣಿ, ಜಾತಿ ಪ್ರಮಾಣಪತ್ರ, ಪರೀಕ್ಷೆಯ ಅರ್ಜಿ, ಝೆರಾಕ್ಸು. ಎದುರಿಗೆ ಜನ ಸಾಲುಗಟ್ಟಿ ನಿಂತಿದ್ದರೂ ನನ್ನ ಒಂದು ಕಣ್ಣು ಫೋನಿನಲ್ಲಿ ಹೊಸ ಆ್ಯಪ್ ಏನು ಬಂದಿದೆ ಎಂದು ನೋಡುತ್ತಿರುತ್ತದೆ. ಮಾಡಬೇಕಾದ ಕೆಲಸಕ್ಕೆ ಒಂದು ಆ್ಯಪ್, ಕುಡಿದ ನೀರಿಗೆ ಒಂದು, ನಿದ್ದೆಗೆ ಒಂದು, ಇಪ್ಪತ್ತೈದು ನಿಮಿಷಕ್ಕೊಮ್ಮೆ ಗಂಟೆ ಬಾರಿಸಲು ಒಂದು. ಇವೆಲ್ಲ ಸರಿಯಾಗಿ ನಡೆದಿವೆಯೇ ಎಂದು ವಾರಕ್ಕೊಮ್ಮೆ ಲೆಕ್ಕ ಒಪ್ಪಿಸಲು ಮತ್ತೊಂದು. ಕೈಯಲ್ಲಿರುವ ವಾಚು ಗಂಟೆಗೊಮ್ಮೆ ಎದ್ದು ನಿಲ್ಲು ಅನ್ನುತ್ತದೆ. ನಾನು ಕೂತಿದ್ದರೆ ತಾನೇ ಏಳುವುದು! ತಂಗಿ ಮಸರತ ನನ್ನ ಫೋನಿಗೆ ಭಾಬಿ, ಅಂದರೆ ಅತ್ತಿಗೆ, ಎಂದೇ ಹೆಸರಿಟ್ಟಿದ್ದಾಳೆ. ಭಾಬಿಗೆ ಚಾರ್ಜ್ ಹಾಕು, ಭಾಬಿ ಕೂಗಾಕತ್ತಾಳ ನೋಡು, ಹೀಗೆ.

ನಾಲ್ಕು ವರ್ಷದ ಹಿಂದೆ ಅಬ್ಬಾ ತೀರಿಕೊಂಡ ಮೇಲೆ ಮನೆಯ ಕೆಲಸಗಳನ್ನೂ ಪಟ್ಟಿಗೆ ಏರಿಸಿದೆ. ಅಮ್ಮಿಗೆ ಮೊಣಕಾಲು ನೋವು. ಸಂತೆಯ ತರಕಾರಿ ನಾನೇ ತಂದೆ. ರೇಷನ್ನಿಗೆ ನಾನೇ ನಿಂತೆ. ಕಲಬುರಗಿಯ ಡಾಕ್ಟರಿಗೆ ಫೋನಿನಲ್ಲೇ ತೋರಿಸಿ, ಗುಳಿಗೆ ಮನೆಗೇ ತರಿಸಿದೆ. ಅಮ್ಮಿ ಓಣಿ ದಾಟುವ ಪ್ರಸಂಗವೇ ಬಾರದ ಹಾಗೆ ನೋಡಿಕೊಂಡೆ. ಒಳ್ಳೆಯ ಮಗ ಎಂದು ಓಣಿಯವರು ಹೊಗಳಿದಾಗ ನಾನು ಬೇಡ ಎನ್ನಲಿಲ್ಲ.

ಮಸರತಳ ಮದುವೆ ಗೊತ್ತಾದಾಗ ನನಗೆ ಹಬ್ಬವೇ ಸಿಕ್ಕಿದಂತಾಯಿತು. ನೂರಾ ಹನ್ನೆರಡು ಕೆಲಸಗಳ ಪಟ್ಟಿ, ಪ್ರತಿಯೊಂದಕ್ಕೂ ಬಣ್ಣ, ದಿನಾಂಕ, ಜ್ಞಾಪನೆ. ಕಾರ್ಡು ಹಂಚುವುದು ನಲವತ್ತೊಂದನೆಯದು. ಮೊದಲು ಪರವೂರುಗಳ ಮೂವತ್ತೇಳು ಮನೆ. ಎಲ್ಲವನ್ನೂ ನಕ್ಷೆಯ ಆ್ಯಪಿಗೆ ಹಾಕಿ ಅತಿ ಕಡಿಮೆ ದಾರಿ ಯಾವುದು ಎಂದು ಕೇಳಿದೆ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳಿತು: ಆಳಂದ, ಅಫಜಲಪುರ, ಚೌಡಾಪುರ, ಜೇವರ್ಗಿ, ಕೊನೆಗೆ ಅಂದೋಲಾ. ಎರಡು ದಿನದ ಕೆಲಸ. ನಮ್ಮ ಅಬ್ಬಾ ಆಗಿದ್ದರೆ ಇಷ್ಟಕ್ಕೆ ಹದಿನೈದು ದಿನ ಊರೂರು ಅಲೆಯುತ್ತಿದ್ದರು.

ಹೊರಡುವ ಹೊತ್ತಿಗೆ ಒಂದು ಕಾರ್ಡು ಕಡಿಮೆ ಬಿತ್ತು. ಹುಡುಕಿದರೆ ಅಲಮಾರಿಯಲ್ಲಿ, ಅಮ್ಮಿಯ ಬಟ್ಟೆಗಳ ನಡುವೆ, ಕರವಸ್ತ್ರದಲ್ಲಿ ಸುತ್ತಿ ಇಟ್ಟದ್ದು ಸಿಕ್ಕಿತು. ಮೇಲೆ ಲಾಲಸಾಬ ಮಾಮುವಿನ ಹೆಸರು. ಅಮ್ಮಿ ಎಲ್ಲೋ ಇಟ್ಟು ಮರೆತಿದ್ದಾಳೆ ಎಂದುಕೊಂಡು ಅದನ್ನೂ ಚೀಲಕ್ಕೆ ಹಾಕಿ ಬೈಕ್ ಹತ್ತಿದೆ. ಅಮ್ಮಿ ಆಗ ಪಕ್ಕದ ಮನೆಯಲ್ಲಿದ್ದಳು. ಹೇಳಿ ಹೋಗಲು ಐದು ನಿಮಿಷ ಬೇಕಿತ್ತು.

ಮೂವತ್ತಾರು ಮನೆ ಹೊಡೆದು ಹಾಕಿದ ಹಾಗೆ ಮುಗಿಸಿದೆ. ಚಹಾ ಬೇಡ, ಕೂರಲ್ಲ, ಬರ್ರಿ ಮದಿವಿಗೆ ಎಂದು ಕೈಗಿಟ್ಟು ಮುಂದಿನ ಮನೆ. ಎರಡನೇ ದಿನ ಸಂಜೆ ನಾಲ್ಕಕ್ಕೆ ಅಂದೋಲಾದಲ್ಲಿ ಮಾಮುವಿನ ಅಂಗಡಿಯ ಮುಂದೆ ಇಳಿದಾಗ ಅಂದಾಜಿಗಿಂತ ಐವತ್ತು ನಿಮಿಷ ಮುಂದಿದ್ದೆ. ಮಾಮು ಅಮ್ಮಿಯ ಒಬ್ಬನೇ ಅಣ್ಣ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತಿ ಕೊಡುವುದು ಅವರ ಕೆಲಸ. ಮುಂದೆ ಅಂಗಡಿ, ಹಿಂದೆ ಮನೆ. ಮಾಮಿ ಚಹಾ ತಂದರು. ಮಾಮು ಕಾರ್ಡು ಕೈಯಲ್ಲಿ ಹಿಡಿದು, ನಮ್ಮದು ಎಷ್ಟನೇ ಮನಿ ಎಂದು ಕೇಳಿದರು.

ನಾನು ಎಂಥ ದಡ್ಡನೆಂದರೆ ಫೋನು ತೆಗೆದು ನಕ್ಷೆಯನ್ನೇ ತೋರಿಸಿದೆ. ಹಸಿರು ಗೆರೆ, ಮೂವತ್ತೇಳು ಚುಕ್ಕೆ, ಕೊನೆಯ ಚುಕ್ಕೆ ಅವರ ಮನೆ. ಎಷ್ಟು ಪೆಟ್ರೋಲು ಉಳಿಯಿತು ಎಂಬುದನ್ನೂ ವಿವರಿಸಿದೆ. ಮಾಮು ಎಲ್ಲವನ್ನೂ ತಾಳ್ಮೆಯಿಂದ ನೋಡಿ, ಕಾರ್ಡನ್ನು ನನ್ನ ಚೀಲಕ್ಕೇ ವಾಪಸ್ ಹಾಕಿದರು.

“ಇದನ್ನ ಒಯ್ಯಿ, ಜಮೀರ. ಚಹಾ ಆರ್ತದ, ಕುಡಿ.”

ನಮ್ಮ ಕಡೆ ಮಗಳ ಮದುವೆಯ ಮೊದಲ ಕಾರ್ಡು ತಾಯಿಯ ತವರಿಗೆ ಹೋಗುತ್ತದೆ. ತಾಯಿಯೇ ಹೋಗಿ ಅಣ್ಣನ ಬಾಗಿಲಲ್ಲಿ ನಿಂತು ಕೊಡಬೇಕು. ಆಮೇಲೆ ಉಳಿದವರು. ನನಗೆ ಇದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು, ಪಟ್ಟಿಯಲ್ಲಿ ಬರೆದಿರಲಿಲ್ಲ.

ಮನೆಗೆ ಬಂದು ಹೇಳಿದಾಗ ಅಮ್ಮಿ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಲಮಾರಿಗೆ ಹೋಗಿ, ಬರಿದಾದ ಕರವಸ್ತ್ರವನ್ನು ಮಡಿಚಿ ಮತ್ತೆ ಅಲ್ಲೇ ಇಟ್ಟಳು. ಬೈದವಳು ಮಸರತ. ಅಬ್ಬಾ ಇಲ್ಲದ ಮನೆಯಲ್ಲಿ, ನಿಕಾಹದ ದಿನ ಪರದೆಯ ಬಳಿ ಬಂದು ಅವಳ ಒಪ್ಪಿಗೆ ಕೇಳಬೇಕಾದವರು ಮಾಮು. ಅದು ಅಬ್ಬಾ ಹೋದಾಗಿನಿಂದ ಅವಳು ಆಡಿಕೊಂಡು ಬಂದ ಮಾತು.

“ಮಾಮು ಬರ್ಲಿಲ್ಲಂದ್ರ ನಾ ಬಾಯೇ ಬಿಡಂಗಿಲ್ಲ. ಕುಬೂಲ್ ಅನ್ನೂದು ನಿನ್ನ ಫೋನಿಗೆ ಕಲಿಸು.”

ಮದುವೆಗೆ ಹನ್ನೊಂದು ದಿನ ಇತ್ತು. ನಾನು ‘ಮಾಮುವನ್ನು ಒಪ್ಪಿಸುವುದು’ ಎಂದು ಪಟ್ಟಿಗೆ ಸೇರಿಸಿ, ಕೆಂಪು ಬಣ್ಣ ಕೊಟ್ಟು, ಎರಡು ದಿನದ ಗಡುವು ಹಾಕಿದೆ. ದಿನಕ್ಕೆ ಮೂರು ಸಲ ಫೋನು ಮಾಡಿದೆ. ಮಾಮು ಎತ್ತಿದರು, ಆರಾಮ ಇದ್ದೀರೇನು ಎಂದು ಕೇಳಿದರು, ಇಟ್ಟರು. ಗಡುವು ದಾಟಿತು. ಫೋನು ಗಂಟೆಗೊಮ್ಮೆ ಅದನ್ನೇ ನೆನಪಿಸಿತು. ಅರ್ಜಿ ತುಂಬುವಾಗ ಯಾರದೋ ಹುಟ್ಟಿದ ತಾರೀಖು ತಪ್ಪು ಹಾಕಿ ಬೈಸಿಕೊಂಡೆ. ಒಳಗೊಳಗೇ ಕುದಿಯುತ್ತಿದ್ದೆ, ಮಾಮುವಿನ ಮೇಲೂ ಸಿಟ್ಟು ಬರುತ್ತಿತ್ತು. ಒಂದು ಕಾಗದ ಮೊದಲು ಬಂದರೇನು, ಕೊನೆಗೆ ಬಂದರೇನು?

ಮೂರನೇ ದಿನ ಅಮ್ಮಿ ದಾರಿ ಹೇಳಿದಳು. ಕೊಟ್ಟ ಕಾರ್ಡುಗಳನ್ನೆಲ್ಲ ಹೊಳ್ಳಿ ತರಬೇಕು. ಯಾರ ಕೈಯಲ್ಲೂ ಒಂದು ಇರಬಾರದು. ಆಮೇಲೆ ತನ್ನನ್ನು ಅಂದೋಲಾಕ್ಕೆ ಕರೆದೊಯ್ಯಬೇಕು. ನಾನು ನಕ್ಕುಬಿಟ್ಟೆ. ಅಮ್ಮಿ ನಗಲಿಲ್ಲ.

ಮೂವತ್ತಾರು ಮನೆಗೆ ಹೋಗಿ ಕೊಟ್ಟದ್ದನ್ನು ವಾಪಸ್ ಕೇಳುವುದು ಎಂಥ ಮುಖಭಂಗ ಎಂದು ದಾರಿಯುದ್ದಕ್ಕೂ ಹಲ್ಲು ಕಡಿಯುತ್ತ ಹೋದೆ. ಆದರೆ ಯಾರೂ ಕಾರಣ ಕೇಳಲಿಲ್ಲ. ಅರ್ಧ ಮಾತು ಆಡುವಷ್ಟರಲ್ಲಿ ಎಲ್ಲರಿಗೂ ತಿಳಿಯುತ್ತಿತ್ತು. ಅಫಜಲಪುರದ ಚಂದಪ್ಪ ಕಾಕಾ ಅಬ್ಬಾನ ಗೆಳೆಯರು, ಒಕ್ಕಲುತನದವರು. ದೇವರ ಜಗಲಿಯ ಮೇಲಿಟ್ಟಿದ್ದ ಕಾರ್ಡನ್ನು ಕುಂಕುಮದ ಸಮೇತ ತಂದು ಕೊಟ್ಟರು.

“ಸೋದರಮಾವನ್ನ ಬಿಟ್ಟು ನನಗ್ಯಾಕ ಮೊದಲ ಕೊಟ್ಟಿ? ಅವತ್ತ ಕೇಳಬೇಕಂದೆ, ನೀ ಗಾಡಿ ಚಾಲೂನ ಇಟ್ಟಿದ್ದಿ.”

ಈ ಸಲ ಯಾರೂ ನನ್ನನ್ನು ನಿಂತ ಕಾಲ ಮೇಲೆ ಕಳಿಸಲಿಲ್ಲ. ಚಹಾ, ಅವಲಕ್ಕಿ, ಒಂದು ಮನೆಯಲ್ಲಿ ಊಟ. ಎಲ್ಲರೂ ಕೇಳಿದ್ದು ಒಂದೇ. ನಿಮ್ಮ ಅಮ್ಮಿ ಹೇಗಿದ್ದಾಳೆ, ಎಲ್ಲೂ ಕಾಣುವುದೇ ಇಲ್ಲವಲ್ಲ. ವಾಚು ಎದ್ದು ನಿಲ್ಲು ಎನ್ನುತ್ತಲೇ ಇತ್ತು. ನಾಲ್ಕು ದಿನ ಹಿಡಿದರೂ ಒಂದು ಬಾಕಿ ಉಳಿದು, ರಾತ್ರಿ ಜೇವರ್ಗಿಯಲ್ಲೇ ತಂಗಿದೆ.

ಐದನೇ ದಿನ ಬೆಳಗ್ಗೆ ಜೇವರ್ಗಿಯಲ್ಲಿ ಮೂವತ್ತಾರನೇ ಕಾರ್ಡು ಕೈಗೆ ಬಂದಾಗ ಎಂಟು ಗಂಟೆ. ಅಂದೋಲಾ ಇಲ್ಲೇ, ಬೈಕಿನಲ್ಲಿ ಅರ್ಧ ತಾಸಿನ ಹಾದಿ. ಅಮ್ಮಿ ಇರುವುದು ನೂರು ಕಿಲೋಮೀಟರ್ ದೂರದ ಆಳಂದದಲ್ಲಿ. ಅಲ್ಲಿಗೆ ಹೋಗಿ, ಕರೆದುಕೊಂಡು, ಮತ್ತೆ ಇಲ್ಲಿಗೇ ಬರುವುದು! ನನ್ನ ತಲೆ ತನ್ನ ಕೆಲಸ ಮಾಡಿತು. ಕಾರ್ಡುಗಳನ್ನು ಮಾಮುವಿನ ಮುಂದೆ ಸುರಿದರೆ ಅವರ ಸಿಟ್ಟು ಇಳಿಯುತ್ತದೆ, ಆಮೇಲೆ ವಿಡಿಯೋದಲ್ಲಿ ಅಮ್ಮಿ ಆಮಂತ್ರಣ ಕೊಟ್ಟರಾಯಿತು. ಬೈಕನ್ನು ಅಂದೋಲಾದ ಕಡೆ ತಿರುಗಿಸಿದೆ.

ಮಾಮು ತಂತಿ ಸುತ್ತುತ್ತಿದ್ದರು. ಸುತ್ತು ಎಣಿಸುವಾಗ ಮಾತಾಡಿಸಬಾರದು, ಒಂದು ತಪ್ಪಿದರೆ ಮೋಟಾರು ಮತ್ತೆ ಸುಡುತ್ತದೆ. ಕಣ್ಣಿನಲ್ಲೇ ಸ್ಟೂಲು ತೋರಿಸಿದರು, ಕೂತೆ. ಎದುರಿಗೆ ಒಂದೊಂದೇ ಸುತ್ತು, ಅವರ ತುಟಿಗಳ ಮೇಲೆ ಒಂದೊಂದೇ ಅಂಕಿ. ನನ್ನ ಜೇಬಿನಲ್ಲಿ ಫೋನು ಗುಂಯ್ ಅಂದಿತು, ಮತ್ತೆ ಅಂದಿತು. ಕಾಲು ತಾನಾಗಿ ಅಲುಗಾಡುತ್ತಿತ್ತು. ಮೂರು ಸಲ ಎದ್ದು, ಮೂರು ಸಲ ಕೂತೆ. ಮುಕ್ಕಾಲು ತಾಸಾದ ಮೇಲೆ ಮಾಮು ತಂತಿಯ ತುದಿ ಕಟ್ಟಿ, ಕೈ ಒರೆಸಿಕೊಂಡು, ಏನು ಎಂದರು. ನಾನು ಚೀಲವನ್ನು ಸುರಿದೆ. ಮೂವತ್ತಾರನ್ನೂ ಎಣಿಸಿ ತೋರಿಸಿದೆ.

ಮಾಮು ಕಾರ್ಡುಗಳ ಕಡೆ ನೋಡಲೇ ಇಲ್ಲ. ನನ್ನ ಹಿಂದೆ, ರಸ್ತೆಯ ಕಡೆ ನೋಡಿದರು.

“ಗೌಸಿಯಾ ಎಲ್ಲಿ? ನಿಮ್ಮ ಅಮ್ಮಿ?”

ನಾನು ವಿಡಿಯೋದ ಮಾತು ಹೇಳಿದೆ. ಫೋನು ಕೈಯಲ್ಲಿ ಹಿಡಿದೇ ಇದ್ದೆ, ಒತ್ತುವುದೊಂದು ಬಾಕಿ. ಮಾಮು ಅದನ್ನು ನಿಧಾನಕ್ಕೆ ನನ್ನ ಕೈಯಿಂದ ತೆಗೆದು ಮೇಜಿನ ಮೇಲೆ ಬೋರಲು ಇಟ್ಟರು.

“ಕಾರ್ಡಿಂದು ಏನ ಕೆಲಸ ಅದ ಲೇ ನನಗ? ಎರಡು ವರ್ಷ ಆತು, ಆಕಿ ನಮ್ಮ ಬಾಗಿಲಿಗಿ ಬಂದಿಲ್ಲ. ಕೇಳಿದ್ರ, ಜಮೀರ ಎಲ್ಲಾ ಮನಿಗೇ ತರ್ತಾನ, ಹೊರಗ ಬೀಳಾಕ ನೆವಾನ ಇಲ್ಲ ಭಾಯಿಜಾನ, ಅಂತಾಳ. ಮಗಳ ಮದಿವಿಯಾಗ ಒಂದು ನೆವ ಸಿಕ್ಕಿತ್ತು. ಅದನ್ನೂ ನೀನ ಮಾಡಿ ಮುಗಿಸಿದಿ.”

ಅಮ್ಮಿ ಈ ಹೊತ್ತಿನಲ್ಲಿ ಬುರ್ಖಾ ತೊಟ್ಟು ತಯಾರಾಗಿ ಬಾಗಿಲ ಬಳಿ ಕೂತಿರುತ್ತಾಳೆ ಎಂಬುದು ಆಗ ಹೊಳೆಯಿತು. ಹತ್ತಕ್ಕೆ ತಯಾರಿರುತ್ತೇನೆ ಎಂದು ನಿನ್ನೆ ಫೋನಿನಲ್ಲಿ ಎರಡು ಸಲ ಹೇಳಿದ್ದಳು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಮಾಮು ಎದ್ದು ಅಂಗಿ ಹಾಕಿಕೊಂಡರು, ಅಂಗಡಿಯ ಶಟರ್ ಎಳೆದರು.

“ನಡಿ. ಆಕಿನ್ನ ಕರಕೊಂಡು ಬರೂಣು.”

ತಮ್ಮನ್ನು ಕರೆಯಲು ಬರಬೇಕಾದವಳನ್ನು ಕರೆತರಲು ತಾವೇ ಹೊರಟರು. ಬೈಕು ಸೊಂಟಕ್ಕೆ ಆಗದು ಎಂದು ಬಸ್ಸು ಹತ್ತಿದರು. ನಾನೂ ಬೈಕು ಅಲ್ಲೇ ಬಿಟ್ಟೆ. ಜೇವರ್ಗಿಯಲ್ಲಿ ಒಂದು ಬಸ್ಸು, ಕಲಬುರಗಿಯಲ್ಲಿ ಇನ್ನೊಂದು. ಆಳಂದ ಮುಟ್ಟಿದಾಗ ಮಧ್ಯಾಹ್ನದ ನಮಾಜು ಮುಗಿದಿತ್ತು. ಅಮ್ಮಿ ಬುರ್ಖಾದಲ್ಲೇ, ಮಡಿಲಲ್ಲಿ ಮಾಮುವಿನ ಕಾರ್ಡು ಇಟ್ಟುಕೊಂಡು, ಕುರ್ಚಿಯ ಮೇಲೆ ಕೂತಿದ್ದಳು. ಇನ್ನೂ ಕರೆ ಬಾರದ ಮದುವೆಮನೆಯೊಳಗೆ ಮಾಮು ಕಾಲಿಡಲಿಲ್ಲ, ನೀರೂ ಕುಡಿಯಲಿಲ್ಲ. ಓಣಿಯ ತುದಿಯಲ್ಲಿ ನಿಂತು, ಬಾ ಎಂದು ಕೈ ಮಾಡಿದರು. ಅಮ್ಮಿ ಯಾಕೆ, ಏನು ಎಂದು ಕೇಳದೆ ಚಪ್ಪಲಿ ಮೆಟ್ಟಿದಳು.

ಹಿಂದಿರುಗುವ ಬಸ್ಸಿನಲ್ಲಿ ಅಣ್ಣತಂಗಿ ಒಂದೇ ಸೀಟಿನಲ್ಲಿ ಕೂತರು. ನಾನು ಹಿಂದೆ ನಿಂತಿದ್ದೆ. ಯಾರು ಸತ್ತರು, ಯಾರ ಹೊಲ ಯಾರಿಗೆ ಹೋಯಿತು, ಯಾರ ಸೊಸೆ ಸೇರುವುದಿಲ್ಲ ಎಂದು ದಾರಿಯಿಡೀ ಉರ್ದು ಕನ್ನಡ ಬೆರೆಸಿ ಮಾತಾಡಿದರು. ಅಮ್ಮಿಗೆ ಇಷ್ಟು ಮಾತು ಬರುತ್ತದೆ ಎಂಬುದೇ ನನಗೆ ಮರೆತುಹೋಗಿತ್ತು.

ಅಂದೋಲಾದಲ್ಲಿ ಇಳಿದಾಗ ಹೊತ್ತು ಇಳಿಯುತ್ತಿತ್ತು. ಮನೆಯ ಬಾಗಿಲಿರುವ ಹಿಂದಿನ ಓಣಿ ಬರುತ್ತಲೇ ಮಾಮು ಬಿರಬಿರನೆ ಮುಂದೆ ನಡೆದರು. ಬಾಗಿಲಿಗೆ ಬಂದಿದ್ದ ಮಾಮಿಯನ್ನೂ ಒಳಗೆ ದಬ್ಬಿ, ತಾವೂ ಒಳಹೊಕ್ಕು ಬಾಗಿಲು ಹಾಕಿಕೊಂಡರು. ಚಿಲಕ ಬಿದ್ದ ಸದ್ದು ಕೇಳಿಸಿತು. ನಾನು ಬಾಗಿಲ ಕಡೆ ಓಡಿದೆ. ಅಮ್ಮಿ ಗಾಬರಿಯಾಗಲಿಲ್ಲ. ಬುರ್ಖಾ ಸರಿಮಾಡಿಕೊಂಡು, ಕಾರ್ಡು ಹಿಡಿದು, ಬಾಗಿಲು ಬಡಿದಳು.

“ಯಾರ್ರಿ?” ಒಳಗಿನಿಂದ ಮಾಮು ಕೇಳಿದರು.

“ನಾ ಭಾಯಿಜಾನ, ಗೌಸಿಯಾ.”

ಬಾಗಿಲು ತೆರೆಯಿತು. ನಾಲ್ಕು ತಾಸು ಅವಳ ಪಕ್ಕದಲ್ಲೇ ಕೂತು ಬಂದಿದ್ದ ಮನುಷ್ಯ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಗೌಸಿಯಾ! ಯಾವಾಗ ಬಂದಿ ಬೇ?”

“ಈಗ ಬಂದೆ,” ಎಂದಳು ಅಮ್ಮಿ. ಅಷ್ಟು ಹೇಳುವುದರೊಳಗೆ ಅಳು ಬಂದುಬಿಟ್ಟಿತು. ಮಾಮು ಕಾರ್ಡನ್ನು ಎರಡೂ ಕೈಯಲ್ಲಿ ಇಸಕೊಂಡು ಅವಳನ್ನು ಒಳಗೆ ಕರೆದುಕೊಂಡರು.

ನಾನು ಓಣಿಯಲ್ಲೇ ನಿಂತಿದ್ದೆ. ನನಗೂ ಅಳು ಬಂತು, ತಡೆಯಲಿಲ್ಲ. ಒಳಗೆ ಕರೆಯುವುದು ಯಾರಿಗೂ ನೆನಪಾಗಲಿಲ್ಲ. ನೆನಪಾಗುವವರೆಗೂ ನಿಂತೇ ಇದ್ದೆ.