ಸಾವಿನ ಮನಿಯ ಬುತ್ತಿ

ರಜೆ ಕೇಳೋಕೆ ಮುರುಗೇಶನಿಗೆ ಹೊಟ್ಟೆನೋವಿತ್ತು, ಜ್ವರವಿತ್ತು, ಹಲ್ಲುನೋವಿತ್ತು. ಅವೆಲ್ಲ ಬಿಟ್ಟು ಪುಣ್ಯಾತ್ಮ, ಬಂಡ್ರಿ ಊರಲ್ಲಿ ಗಟ್ಟಿಮುಟ್ಟಾಗಿದ್ದ ದೊಡ್ಡಮ್ಮ ಮರುಳಸಿದ್ದಮ್ಮನನ್ನೇ ಸಾಯಿಸಿಬಿಟ್ಟ.

ಮಾಡುವುದಾದರೂ ಏನು? ಮಗಳು ಗಂಗೋತ್ರಿ ಶಾಲೆಯ ಗೈಡ್ಸ್‌ನಲ್ಲಿದ್ದಳು. ಸ್ಕೌಟ್ಸ್-ಗೈಡ್ಸ್ ಮಕ್ಕಳೆಲ್ಲ ಅಪ್ಪ-ಅಮ್ಮನ ಜೊತೆ ಸಂಡೂರಿನ ನಾರಿಹಳ್ಳದ ದಂಡೆಯಲ್ಲಿ ಡೇರೆ ಹಾಕಿಕೊಂಡು ಎರಡು ದಿನ ಇರುವ ಕ್ಯಾಂಪು. ಹೋದ ವರ್ಷ ಮುರುಗೇಶ ಡ್ಯೂಟಿ ಅಂತ ಕೈಕೊಟ್ಟಿದ್ದ. ಉಳಿದವರ ಅಪ್ಪಂದಿರು ಡೇರೆಯ ಗೂಟ ಹೊಡೆಯುವಾಗ ಈ ಹುಡುಗಿ ಪಕ್ಕದವರ ಗೂಟ ಹಿಡಿದು ನಿಂತಿತ್ತಂತೆ. ಅದನ್ನು ಕೇಳಿದ ಮೇಲೆ ಈ ಸಲ ಬಂದೇ ಬರ್ತೀನಿ ಅಂತ ಆಣೆ ಹಾಕಿದ್ದ. ಆದರೆ ಕುರೆಕುಪ್ಪ ಕಡೆಯ ಕಾರ್ಖಾನೆಯಲ್ಲಿ ಅದು ರಿಪೇರಿಯ ವಾರ, ಯಾರಿಗೂ ರಜೆ ಇಲ್ಲ. ಮಣ್ಣಿಗೆ ಹೋಗ್ತೀನಿ ಅಂದವನನ್ನು ಮಾತ್ರ ಯಾರೂ ತಡೆಯುವುದಿಲ್ಲ. ಸತ್ತಳು ಅಂತ ಸುಳ್ಳು ಸುದ್ದಿ ಹಬ್ಬಿದರೆ ಆಯುಷ್ಯ ಗಟ್ಟಿ ಅಂತಾರಲ್ಲ, ಮುದುಕಿಗೆ ಉಪಕಾರವೇ ಆಯಿತು ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡ. ಅವನ ಬದಲಿ ಡ್ಯೂಟಿ ಒಪ್ಪಿಕೊಂಡವನು ಜೊತೆಯ ಕೆಲಸಗಾರ ಜಂಬಪ್ಪ.

ವಿಷಯ ತಿಳಿದು ಹೆಂಡತಿ ಸುಮಂಗಲಾ ಹಣೆ ಚಚ್ಚಿಕೊಂಡಳು, ನಿನ್ನ ಬಾಯಿಗೆ ಬ್ಯಾರೆ ಏನೂ ಬರಲಿಲ್ಲೇನು ಅಂತ ಬೈದಳು. ಮಗಳ ಖುಷಿ ನೋಡಿ ಸುಮ್ಮನಾದಳು. ಮಗಳಿಗೆ ಇದ್ಯಾವುದೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಚಿತ್ತವಾಡ್ಗಿಯ ಅವರ ಮನೆ ನೋಡಬೇಕಿತ್ತು. ಪಡಸಾಲೆ ತುಂಬ ಕೌದಿ, ಚಾಪೆ, ಟಾರ್ಚು, ತಟ್ಟೆ-ಲೋಟ. ಒಳಗೆ ಸುಮಂಗಲಾ ಶೇಂಗಾ ಹೋಳಿಗೆ ಸುಡುತ್ತಿದ್ದಳು, ವಾಸನೆ ಓಣಿಗೆಲ್ಲ ಹಬ್ಬಿತ್ತು. ಗಂಗೋತ್ರಿ ಯೂನಿಫಾರಂ ಹಾಕಿಕೊಂಡು ಅಪ್ಪನಿಗೆ ಹಾಸಿಗೆ ಸುತ್ತುವುದು ಹೆಂಗೆ ಅಂತ ಪಾಠ ಮಾಡುತ್ತಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಬೈಕು ನಿಂತಿತು. ಬಂದವನು ಜಂಬಪ್ಪ, ಕೈಯಲ್ಲಿ ಟಿಫಿನ್ ಕ್ಯಾರಿಯರ್.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬೇಕಾದವರು ಬುತ್ತಿ ಒಯ್ಯಬೇಕು. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಸುಳ್ಳು ಹೇಳುವ ಅವಸರದಲ್ಲಿ ಇವನೊಬ್ಬ ಮರೆತಿದ್ದ. ಜಂಬಪ್ಪ ಅನ್ನ-ಸಾರು, ರೊಟ್ಟಿ ತಂದಿದ್ದ. ಬಂಡ್ರಿಗೆ ಹೋಗೋ ತನಕ ಮಗು ಹಸಿದೀತು ಅಂತ ಅವನ ಹೆಂಡತಿ ನಸುಕಿನಲ್ಲೇ ಮಾಡಿಟ್ಟು ಕಂಪ್ಲಿ ಬಸ್ಸು ಹತ್ತಿದ್ದಳಂತೆ. ಅಲ್ಲಿ ಅವತ್ತು ಅವರ ಮಗಳ ಕುಬುಸ, ಚೊಚ್ಚಲ ಬಸುರಿ. ಜಂಬಪ್ಪನದು ರಾತ್ರಿ ಪಾಳಿ, ಹಗಲಿಗೆ ತವರಿನ ಹಸಿರು ಸೀರೆ ಹಿಡಿದು ಅಪ್ಪನೂ ಹೋಗಬೇಕಿತ್ತು. ಸಾವಿನ ಮುಂದ ಕುಬುಸ ದೊಡ್ಡದೇನು ಅಂತ ಜಂಬಪ್ಪ ಸಹಜವಾಗಿ ಹೇಳಿ, ಚೀಲಗಳನ್ನು ನೋಡಿ ಬಂಡ್ರಿಯ ಗಂಟೇ ಅಂದುಕೊಂಡು, ನೆಲಕ್ಕೆ ಕೂತು ಸಡಿಲಾಗಿದ್ದ ಹಾಸಿಗೆ ಸುರುಳಿಗೆ ಹಗ್ಗ ಬಿಗಿಯತೊಡಗಿದ. ಹೋಳಿಗೆಯ ವಾಸನೆ ಅವನ ಮೂಗಿಗೂ ಬಡಿದಿರಬೇಕು, ಅವನು ಕೇಳಲಿಲ್ಲ. ಮುರುಗೇಶನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅಜ್ಜಿ ನಿನ್ನ ಮ್ಯಾಲೆ ಭಾಳ ಜೀವ ಇಟ್ಟಿದ್ಲೇನವ್ವ?" ಅಂತ ಜಂಬಪ್ಪ ಗಂಗೋತ್ರಿಯನ್ನು ಕೇಳಿದ.

ಹುಡುಗಿ ಕ್ಯಾರಿಯರ್ ನೋಡಿದಳು, ಅಪ್ಪನ ಮುಖ ನೋಡಿದಳು. ಜಾಣೆ, ಎಲ್ಲ ತಿಳಿಯಿತು. ತಲೆ ತಗ್ಗಿಸಿ, "ಹೂನ್ರಿ ಕಾಕಾ. ನಿನ್ನೆ ಸತ್ತಳು" ಅಂದಳು.

ದೊಡ್ಡಮ್ಮನನ್ನು ಸಾಯಿಸುವಾಗ ಆಗದ ಸಂಕಟ ಮುರುಗೇಶನಿಗೆ ಈಗ ಆಯಿತು. ತನ್ನ ಸುಳ್ಳನ್ನು ಮಗಳ ಬಾಯಲ್ಲಿ ಕೇಳಲು ಅವನಿಂದ ಆಗಲಿಲ್ಲ.

"ಜಂಬಣ್ಣ, ಯಾರೂ ಸತ್ತಿಲ್ಲ. ಸುಳ್ಳು ಹೇಳೀನಿ. ಇದು ಮಗಳ ಕ್ಯಾಂಪಿನ ಗಂಟು. ನೀ ಕಂಪ್ಲಿಗೆ ನಡಿ, ಡ್ಯೂಟಿಗೆ ನಾ ಹೋಗ್ತೀನಿ."

ಜಂಬಪ್ಪನ ಕೈಯಿಂದ ಹಗ್ಗ ಜಾರಿತು. ಬೈಯುತ್ತಾನೆ ಅಂತ ಮುರುಗೇಶ ಕಾದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

"ಯಾವ ಮಾರಿ ಇಟಗೊಂಡು ಹೋಗ್ತೀ? ಸತ್ತಾಕಿ ಎದ್ದು ಕುಂತಳು ಅಂತೀಯೇನು?" ಅಂದ ಜಂಬಪ್ಪ. ಆಮೇಲೆ ಮೆಲ್ಲಗೆ, "ಮಗಳ ಸಲುವಾಗಿ ಅಂದಿದ್ರ ನಾ ಒಲ್ಲೆ ಅಂತಿದ್ನೇನೋ ತಮ್ಮಾ? ನನಗೂ ಒಬ್ಬಾಕಿ ಅದಾಳ."

ಸುಮಂಗಲಾ ಕಣ್ಣೊರೆಸಿಕೊಳ್ಳುತ್ತ ಕ್ಯಾರಿಯರ್ ವಾಪಸು ಕೊಡಲು ಬಂದಳು. ಅವನು ಮುಟ್ಟಲಿಲ್ಲ. ಸಾವಿನ ಮನೆಗೆ ಅಂತ ತಂದ ಬುತ್ತಿ ಹೊಳ್ಳಿ ಒಯ್ಯಬಾರದು ಅಂತ ಹೇಳಿ, ಬೈಕು ಹತ್ತಿ ಡ್ಯೂಟಿಗೆ ಹೋಗಿಬಿಟ್ಟ.

ಮುರುಗೇಶ ಅಲ್ಲೇ ನೆಲದ ಮೇಲೆ ಕೂತ. ಕ್ಯಾಂಪಿಗೆ ಹೋಗಬೇಕೋ ಬಿಡಬೇಕೋ ಅವನಿಗೇ ತಿಳಿಯದಾಗಿತ್ತು. ಗಂಗೋತ್ರಿಯೇ ತಟ್ಟೆ ತಂದು, ಜಂಬಪ್ಪನ ಬುತ್ತಿ ಬಿಚ್ಚಿ, ಅನ್ನ-ಸಾರು ಬಡಿಸಿ ಅಪ್ಪನ ಮುಂದಿಟ್ಟಳು. ಅನ್ನ ಚೆಲ್ಲಬಾರದು, ಉಣ್ಣು ಅಂದಳು. ಅವನು ತಲೆ ಎತ್ತದೆ ತುತ್ತು ಕಲಸಿದ. ಅವಳು ಪಕ್ಕದಲ್ಲಿ ಕೂತಳು.

"ಸುಳ್ಳು ನಾನೂ ಹೇಳೀನಲ್ಲಪ್ಪ," ಅಂದಳು. "ನನಗೂ ಕೊಡು."

ಮಗಳ ಬಾಯಿಗೆ ಆ ತುತ್ತು ಇಡಲು ಮುರುಗೇಶನ ಕೈ ಏಳಲಿಲ್ಲ.